ತಮ್ಮನ ಮಣ್ಣಿಗೆ

ನನಗೆ ಮೂಗಿನ ತುದಿಯಲ್ಲೇ ಕೋಪ, ಅದರಲ್ಲೂ ಕನ್ನಡದ ವಿಷಯಕ್ಕೆ ಬಂದರೆ ಕೇಳಲೇಬೇಡಿ. ಆಸ್ಟ್ರೇಲಿಯದ ಪರ್ತಿನಲ್ಲಿ ನಮ್ಮವರ ಕಾರ್ಯಕ್ರಮಗಳಲ್ಲಿ ಯಾರಾದರೂ ಮೈಕ್ ಹಿಡಿದು 'ಹಾರ್ದಿಕ' ಅನ್ನುವುದನ್ನು 'ಆರ್ದಿಕ' ಅಂದರೆ ಕೂತಲ್ಲಿಂದಲೇ ಜೋರಾಗಿ ತಿದ್ದುವವನು ನಾನೇ. ಅಡಿಲೇಡ್‌ನಲ್ಲಿ ಡಾಕ್ಟರಾಗಿರುವ ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. "ಕನ್ನಡದಲ್ಲಿ ಹೇಳು, ಇಲ್ಲಾಂದ್ರೆ ಇಡ್ತೀನಿ" ಎಂದು ಎಷ್ಟೋ ಸಲ ಫೋನ್ ಇಟ್ಟೇಬಿಟ್ಟಿದ್ದೇನೆ. ಅಪ್ಪ ಮೈಸೂರಿನಲ್ಲಿ ಕನ್ನಡ ಮೇಷ್ಟರಾಗಿದ್ದರು, ಮನೆ ತುಂಬ ನಿಘಂಟುಗಳಿದ್ದವು, ಆ ಜಂಬ ಸಮುದ್ರ ದಾಟಿ ಬಂದರೂ ಇಳಿದಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ, ಏಕೆಂದರೆ ಮುಂದೆ ಬರೆಯಲಿರುವುದು ನಾನು ಮಾಡಿದ ತಪ್ಪಿನ ವಿಷಯ.

ವೆಲ್ಷ್‌ಪೂಲ್‌ನ ಒಂದು ಗೋದಾಮಿನಲ್ಲಿ ನಾನು ಬಹಳ ವರ್ಷ ಸೂಪರ್‌ವೈಸರ್ ಆಗಿದ್ದೆ. ಕಂಪನಿಯವರು ಗೋದಾಮನ್ನು ಬೇರೆ ಊರಿಗೆ ಸಾಗಿಸಿದರು, ನನ್ನನ್ನು ಇಲ್ಲೇ ಬಿಟ್ಟರು. ಐವತ್ತಾರು ದಾಟಿದವನಿಗೆ ಯಾರು ಕೆಲಸ ಕೊಡುತ್ತಾರೆ? ಹ್ಯಾರಿಸ್‌ಡೇಲ್‌ನ ಮನೆಯಲ್ಲಿ ಕೂತು ಎದುರುಮನೆಯವನು ಬಿನ್ ಸರಿಯಾಗಿ ಇಟ್ಟಿಲ್ಲ ಅಂತ ಗೊಣಗುತ್ತಾ ಎರಡು ತಿಂಗಳು ಕಳೆದೆ. ಮೂರನೆಯ ತಿಂಗಳು ಹೆಂಡತಿ ಕೈಮುಗಿದಳು. "ರೀ, ಎಲ್ಲಾದ್ರೂ ಹೋಗ್ರೀ ದಮ್ಮಯ್ಯ. ನೀವು ಹಿಂಗೇ ಮನೇಲಿ ಕೂತ್ರೆ ನಾನೇ ಮನೆ ಬಿಟ್ಟೋಗ್ತೀನಿ." ಪರಿಚಯದ ಮಂಗಳೂರಿನ ಡಾಕ್ಟರೊಬ್ಬರು ಯಹೂದಿಗಳ ಸಹಾಯ ಸಂಸ್ಥೆಯೊಂದಕ್ಕೆ ಡ್ರೈವರ್ ಬೇಕಂತೆ ಎಂದರು. ವಯಸ್ಸಾದವರ ಮನೆಗೆ ಶುಕ್ರವಾರದ ಊಟ ತಲುಪಿಸುವ ಕೆಲಸ. ಯಹೂದಿಗಳನ್ನು ನಾನು ಅದುವರೆಗೆ ಹತ್ತಿರದಿಂದ ನೋಡಿಯೂ ಇರಲಿಲ್ಲ. ಹೋಗಿ ಸೇರಿಕೊಂಡೆ.

ನದಿಯ ಉತ್ತರಕ್ಕೆ, ಇಟ್ಟಿಗೆಯ ತಗ್ಗು ಕಟ್ಟಡ. ಬೋರ್ಡಿಲ್ಲ. ಗೇಟಿನಲ್ಲಿ ಕಾವಲಿನವನು ಗುರುತಿನ ಚೀಟಿ ನೋಡಿ, ಮುಖ ನೋಡಿ, ಆಮೇಲೆ ಬಿಡುತ್ತಾನೆ. ವ್ಯಾನಿನ ಮೇಲೆ ಮೊದಲು ಸಂಸ್ಥೆಯ ಹೆಸರಿತ್ತಂತೆ, ಯಹೂದಿಗಳೆಂದು ಯಾರಾದರೂ ಹಲ್ಲೆ ಮಾಡಿಯಾರೆಂಬ ಭಯಕ್ಕೆ ಈಚೆಗೆ ಕೆರೆದು ತೆಗೆದಿದ್ದಾರೆ. ಬಿಸಿಲು ಓರೆಯಾಗಿ ಬಿದ್ದಾಗ ಅಕ್ಷರಗಳಿದ್ದ ಜಾಗ ಇನ್ನೂ ಕಾಣುತ್ತದೆ. ಊಟ ಕೊಡುವ ಗಾಡಿಯೂ ಹೆಸರು ಮುಚ್ಚಿಕೊಂಡು ಓಡಾಡಬೇಕಾದ ಕಾಲ ಬಂತಲ್ಲ ಎಂದು ಮೊದಲ ದಿನ ಬೇಜಾರಾಯಿತು. ಆಮೇಲೆ ಅಭ್ಯಾಸವಾಯಿತು.

ಅಡುಗೆಮನೆ ನೋಡಿಕೊಳ್ಳುವ, ಊಟ ಹಂಚುವ, ಕಾಯಿಲೆಯವರನ್ನು ಆಸ್ಪತ್ರೆಗೆ ಕಳಿಸುವ, ಸತ್ತವರ ಮನೆಗೆ ಕುರ್ಚಿ ಸಾಗಿಸುವ ಎಲ್ಲ ಉಸ್ತುವಾರಿ ಒಬ್ಬ ಹೆಂಗಸಿನದು. ಎಪ್ಪತ್ತು ವರ್ಷ, ದಕ್ಷಿಣ ಆಫ್ರಿಕದಿಂದ ಬಂದವರು, ಗಟ್ಟಿ ಗಂಟಲು. ಮನಸ್ಸಿನಲ್ಲೇ ಅವರಿಗೆ ಯಜಮಾನಿ ಎಂದು ಹೆಸರಿಟ್ಟೆ. ನಾವು ಮಾತಾಡುವುದು ಇಂಗ್ಲಿಷಿನಲ್ಲಿ, ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ. ಮೊದಲ ದಿನವೇ ನಾನು ಹಾಲು ಹಾಕಿದ ಟೀ ಫ್ಲಾಸ್ಕನ್ನು ಮಾಂಸ ಬೇಯಿಸುವ ಕಡೆಯ ಕಟ್ಟೆ ಮೇಲೆ ಇಟ್ಟುಬಿಟ್ಟೆ. ಅವರು ಕೂಗಿದ ಕೂಗಿಗೆ ಕೈಯಲ್ಲಿದ್ದ ಬೀಗದ ಕೈ ಬಿದ್ದುಹೋಯಿತು. ಅವರ ಧರ್ಮದ ಪ್ರಕಾರ ಹಾಲಿನದಕ್ಕೂ ಮಾಂಸದ್ದಕ್ಕೂ ಪಾತ್ರೆ ಬೇರೆ, ತೊಟ್ಟಿ ಬೇರೆ, ಒರೆಸುವ ಬಟ್ಟೆಯೂ ಬೇರೆ. ನನ್ನ ಅಜ್ಜಿಯ ಮಡಿ ನೋಡಿ ಬೆಳೆದವನಿಗೆ ಇದೇನು ಹೊಸದಲ್ಲ, ಬೈಸಿಕೊಂಡು ಸುಮ್ಮನಾದೆ. ಆಮೇಲೆ ಇಬ್ಬರಿಗೂ ಸರಿಹೋಯಿತು.

ಸಂಸ್ಥೆ ಹುಟ್ಟಿದ್ದನ್ನು ಅವರೇ ವ್ಯಾನಿನಲ್ಲಿ ಪಕ್ಕ ಕೂತು ಹೇಳಿದರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಯುರೋಪಿನಲ್ಲಿ ಮನೆಮಂದಿಯನ್ನೆಲ್ಲ ಕಳೆದುಕೊಂಡವರು ಹಡಗು ಹತ್ತಿ ಫ್ರೀಮ್ಯಾಂಟಲ್ ಬಂದರಿಗೆ ಬರುತ್ತಿದ್ದರಂತೆ. ಇಲ್ಲಿದ್ದ ನಾಲ್ಕೈದು ಮನೆಯ ಹೆಂಗಸರು ಸೂಪಿನ ಪಾತ್ರೆ ಎತ್ತಿಕೊಂಡು ಹೋಗಿ ಹಡಗು ನಿಲ್ಲುವ ದಕ್ಕೆಯಲ್ಲಿ ಕಾಯುತ್ತಿದ್ದರು. ಇಳಿಯುವ ನೂರಾರು ಜನರಲ್ಲಿ ತಮ್ಮವರು ಯಾರು ಎಂದು ಗೊತ್ತಾಗುವುದು ಹೇಗೆ? ತಮ್ಮ ಭಾಷೆಯಲ್ಲಿ "ಊಟ ಆಗಿದೆಯಾ" ಎಂದು ಜೋರಾಗಿ ಕೂಗುತ್ತಿದ್ದರು. ಯಾರು ತಿರುಗಿ ನೋಡಿದರೋ ಅವರನ್ನು ಮನೆಗೆ ಕರೆದುಕೊಂಡು ಹೋಗುತ್ತಿದ್ದರು. ಹಾಗೆ ಬಂದವರಿಗೆ ಕೋಣೆ ಹುಡುಕಿಕೊಡುವುದು, ಹೊಲಿಗೆ ಯಂತ್ರ ಕೊಡಿಸುವುದು, ಮಕ್ಕಳನ್ನು ಶಾಲೆಗೆ ಸೇರಿಸುವುದು ಎಂದು ಕೆಲಸ ಬೆಳೆಯಿತು. ಉಣ್ಣಿಸಿಕೊಂಡವರು ಮುಂದೆ ಉಣ್ಣಿಸುವವರಾದರು. ಈಗ ಅವರೂ ಹಣ್ಣುಹಣ್ಣು ಮುದುಕರು, ನಾವು ಸೂಪು ಕೊಂಡೊಯ್ಯುವುದು ಅವರ ಮನೆಗೇ. ಪ್ರತಿ ತಿಂಗಳೂ ಪಟ್ಟಿಯಿಂದ ಒಂದೆರಡು ಹೆಸರು ಹೋಗುತ್ತವೆ. ಹೊಸ ಹೆಸರು ಸೇರುವುದು ಅಪರೂಪ.

ಅವರಿಗೆ ಶನಿವಾರ ವಿರಾಮದ ದಿನ, ಅದು ಶುಕ್ರವಾರ ಹೊತ್ತು ಮುಳುಗುವಾಗಲೇ ಶುರುವಾಗುತ್ತದೆ. ಅಷ್ಟರೊಳಗೆ ಎಲ್ಲ ಮನೆಗೂ ಕೋಳಿ ಸೂಪು, ಜಡೆ ಹೆಣೆದಂಥ ಬ್ರೆಡ್ಡು, ಎರಡು ಮೇಣದ ಬತ್ತಿ ತಲುಪಬೇಕು. ಡಬ್ಬಿಯ ಮುಚ್ಚಳಕ್ಕೆ ಹೆಸರಿನ ಚೀಟಿ ಅಂಟಿಸಿರುತ್ತಾರೆ. ಎರಡನೆಯ ವಾರ ಒಂದು ಮುಚ್ಚಳದ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ 'ಅಕ್ಕ' ಎಂದಿತ್ತು.

"ಇದೇನು ಹೆಸರು?" ಎಂದೆ.

"ಅವರ ತಮ್ಮ ಹಾಗೇ ಕರೆಯೋದು. ಯಾವುದೋ ಹಳೇ ಹೀಬ್ರೂ ಹೆಸರಿರಬೇಕು," ಎಂದರು ಯಜಮಾನಿ. ನನಗೆ ನಗು ಬಂತು, ಏನೋ ಕಾಕತಾಳೀಯ ಅಂದುಕೊಂಡೆ.

ಆ ಮನೆಯ ಬಾಗಿಲು ತೆರೆದದ್ದು ಇಸ್ತ್ರಿ ಮಾಡಿದ ಅಂಗಿ ತೊಟ್ಟ, ಎಂಬತ್ತು ದಾಟಿದ ಒಬ್ಬ ಸಣಕಲು ಮನುಷ್ಯ. ಡಬ್ಬಿ ತೆಗೆದುಕೊಂಡು ಒಳಗೆ ತಿರುಗಿ, "ಅಕ್ಕಾ, ಊಟ ಬಂತು ನೋಡು, ಏಳು," ಎಂದರು. ಬಾಗಿಲಲ್ಲೇ ನಿಂತುಬಿಟ್ಟೆ. "ಸಾರ್, ನೀವು ಕನ್ನಡದವರಾ?" ಅಂದಾಗ ಅವರು ನನ್ನ ಎರಡೂ ಕೈ ಹಿಡಿದುಕೊಂಡು ಬಿಡಲೇ ಇಲ್ಲ.

ಅವರ ಪೂರ್ವಿಕರು ಕೊಂಕಣ ತೀರದಲ್ಲಿ ಎಣ್ಣೆ ಗಾಣ ಆಡಿಸುತ್ತಿದ್ದ, ಶನಿವಾರ ಮಾತ್ರ ಗಾಣ ನಿಲ್ಲಿಸುತ್ತಿದ್ದ ಯಹೂದಿಗಳು. ಅಪ್ಪ ಮೈಸೂರಿನ ರೈಲ್ವೆ ಕಾರ್ಖಾನೆಗೆ ಕೆಲಸಕ್ಕೆ ಬಂದು ಅಲ್ಲೇ ನಿಂತರು. "ಅಪ್ಪನ ಮುಂದೆ ಮರಾಠಿ, ದೇವರ ಮುಂದೆ ಹೀಬ್ರೂ, ಜಗಳಕ್ಕೆ ಮಾತ್ರ ಕನ್ನಡ," ಎಂದು ನಕ್ಕರು. ಅಕ್ಕನಿಗೆ ಇವರಿಗಿಂತ ಆರು ವರ್ಷ ಹೆಚ್ಚು. ಮದುವೆಯಾಗಿರಲಿಲ್ಲ, ತಮ್ಮನನ್ನು ಎತ್ತಿ ಆಡಿಸಿದವರು, ತಮ್ಮನ ಸಂಸಾರದ ಜೊತೆ ಇಲ್ಲಿಗೆ ಬಂದವರು. ಎರಡನೆಯ ಸಲ ಪಾರ್ಶ್ವವಾಯು ಬಡಿದಾಗ ಇಂಗ್ಲಿಷ್ ಪೂರ್ತಿ ಹೋಯಿತು, ಮರಾಠಿಯೂ ಹೋಯಿತು. ಉಳಿದದ್ದು ಕನ್ನಡವೊಂದೇ. ನೆನಪೂ ನಿಲ್ಲುತ್ತಿರಲಿಲ್ಲ, ಬೆಳಗಿನದು ಮಧ್ಯಾಹ್ನಕ್ಕೆ ಇಲ್ಲ. ತಮ್ಮ ದಿನಾ ಬಸ್ಸು ಹಿಡಿದು ಬಂದು, ಅಕ್ಕನಿಗೆ ಉಣ್ಣಿಸಿ, ಅಕ್ಕನನ್ನು ನೋಡಿಕೊಳ್ಳುವ ಕೆಲಸದ ಹೆಂಗಸಿಗೆ ಅವರು ಹೇಳಿದ್ದನ್ನು ಇಂಗ್ಲಿಷಿನಲ್ಲಿ ಹೇಳಿ ಹೋಗುತ್ತಿದ್ದರು. ಆ ಒಬ್ಬ ಮನುಷ್ಯ ಇಲ್ಲದಿದ್ದರೆ ಆಕೆಯ ಮಾತು ಸುತ್ತ ಇದ್ದವರಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ.

ಅದು ಎಂಥ ಕನ್ನಡ! ಕಾರ್ಖಾನೆ ಹಿಂದಿನ ಬೀದಿಯ ಕನ್ನಡ. "ಒಸಿ ನೀರ್ ಕೊಡಪ್ಪ," "ಯಾಕ್ಲಾ ಇಷ್ಟೊತ್ತು?" ನಾನು ಬುದ್ಧಿಗೇಡಿ, ಒಂದು ದಿನ ತಮಾಷೆಗೆಂದು ತಿದ್ದಿದೆ. "ಒಸಿ ಅಲ್ಲ ಅಕ್ಕ, ಸ್ವಲ್ಪ ಅನ್ನಬೇಕು." ತಮ್ಮ ನಕ್ಕರು. ಅಕ್ಕ ನಗಲಿಲ್ಲ. "ನೀರು ಕೊಡ್ಲಾ ಮೊದ್ಲು," ಎಂದರು.

ಒಂದು ವರ್ಷ ಹೀಗೇ ಹೋಯಿತು. ಹೋದ ಚಳಿಗಾಲದಲ್ಲಿ ತಮ್ಮನಿಗೆ ಕೆಮ್ಮು ಹತ್ತಿತು. ಕೆಮ್ಮು ಎದೆಗಿಳಿದು ಆಸ್ಪತ್ರೆ ಸೇರಿದರು. ಅವರು ಬಾರದ ದಿನಗಳಲ್ಲಿ ಯಜಮಾನಿ ನನ್ನನ್ನು ಕಳಿಸತೊಡಗಿದರು. "ನಿಮಗೆ ಅವರ ಭಾಷೆ ಬರುತ್ತಲ್ಲ, ನೀವೇ ಈಗ ಅವರ ಬಾಯಿ," ಎಂದರು. ಎದೆ ಉಬ್ಬಿತು ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ. ಅಕ್ಕ ಕೇಳುತ್ತಿದ್ದದ್ದು ಒಂದೇ: "ಅವ್ನೆಲ್ಲಿ?" ಹುಷಾರಿಲ್ಲ ಅಕ್ಕ, ಆಸ್ಪತ್ರೆಯಲ್ಲಿದ್ದಾರೆ ಅನ್ನುತ್ತಿದ್ದೆ. ಅರ್ಧ ಗಂಟೆಗೆ ಮತ್ತೆ ಕೇಳುತ್ತಿದ್ದರು.

ಬುಧವಾರ ಬೆಳಿಗ್ಗೆ ತಮ್ಮ ತೀರಿಕೊಂಡರು. ಯಹೂದಿಗಳು ಹೆಣವನ್ನು ಕಾಯಿಸುವುದಿಲ್ಲ, ಆದಷ್ಟು ಬೇಗ ಹೂಳುತ್ತಾರೆ. ಮರುದಿನ ಹನ್ನೊಂದಕ್ಕೆ ಎಂದು ಗೊತ್ತಾಯಿತು. ಅವರ ಒಬ್ಬಳೇ ಮಗಳು ಬ್ರಿಸ್ಬೇನಿನ ನಾರ್ತ್ ಲೇಕ್ಸ್‌ನಲ್ಲಿರುವವಳು, ಆಗಲೇ ವಿಮಾನ ನಿಲ್ದಾಣದಲ್ಲಿದ್ದಳು. ಅಕ್ಕನಿಗೆ ಹೇಳಬೇಕಿತ್ತು. ಅವರು ಅಂತ್ಯಕ್ರಿಯೆಗೆ ಬರುತ್ತಾರೆಯೇ, ಗಾಲಿಕುರ್ಚಿಯ ವ್ಯಾನು ಬೇಕೇ ಎನ್ನುವುದನ್ನೂ ತಿಳಿದುಕೊಳ್ಳಬೇಕಿತ್ತು. ಯಜಮಾನಿ ಮತ್ತು ನಾನು ಹೋದೆವು. ಮಗಳು ಫೋನಿನಲ್ಲಿದ್ದಳು, ಫೋನನ್ನು ಮೇಜಿನ ಮೇಲಿಟ್ಟಿದ್ದೆವು.

ಯಜಮಾನಿ ಅಕ್ಕನ ಕೈ ಹಿಡಿದು ಕೂತರು. ನಾನು ಮಂಡಿಯೂರಿ ಎದುರು ಕೂತು, "ಅಕ್ಕಾ, ನಿಮ್ಮ ತಮ್ಮ ಹೋಗ್ಬಿಟ್ರು," ಎಂದೆ.

ಅವರು ತಲೆಯೆತ್ತಿ ನನ್ನ ಕಣ್ಣನ್ನೇ ನೋಡಿದರು. ಆಮೇಲೆ ಸ್ಪಷ್ಟವಾಗಿ ಹೇಳಿದರು. "ನಾನೂ ಮಣ್ಣಿಗೆ ಹೋಗ್ಬೇಕು."

ನನ್ನ ಕಣ್ಣಲ್ಲಿ ನೀರು ತುಂಬಿತು.

"ತಡ ಮಾಡ್ಬ್ಯಾಡ. ಕರ್ಕೊಂಡೋಗಪ್ಪಾ," ಎಂದರು. ನೋಡಿಕೊಳ್ಳುವ ಹೆಂಗಸು ಟೀ ತಂದಳು. ಅಕ್ಕ ಕಪ್ಪನ್ನು ಆಚೆ ತಳ್ಳಿದರು. "ಮಣ್ಣಾಗೋಗಂಟ ಏನೂ ಬ್ಯಾಡ ನಂಗೆ."

ಓದುತ್ತಿರುವ ನಿಮಗೆ ಆಗಲೇ ಗೊತ್ತಾಗಿರಬಹುದು. ನನಗೆ ಗೊತ್ತಾಗಲಿಲ್ಲ. 'ಅಪ್ಪಾ' ಎಂದದ್ದು ನನ್ನನ್ನು, ಕಣ್ಣಲ್ಲಿ ಕಣ್ಣಿಟ್ಟು ಬೇಡಿಕೊಂಡದ್ದು ನನ್ನನ್ನು. ದೇವರನ್ನು ಬೇಡುತ್ತಿದ್ದಾರೆ ಎಂದುಕೊಂಡೆ.

"ಏನಂದರು?" ಎಂದು ಯಜಮಾನಿ ಕೇಳಿದರು. ನಾನು ಎದ್ದು ನಿಂತು ಅನುವಾದ ಮಾಡಿದೆ. ಬರೀ ಅನುವಾದವಲ್ಲ, ಭಾಷಣ. ತಮ್ಮನ ಹಿಂದೆಯೇ ತಾನೂ ಮಣ್ಣು ಸೇರಬೇಕು ಅನ್ನುತ್ತಿದ್ದಾರೆ, ನನ್ನನ್ನೂ ಬೇಗ ಕರೆದುಕೋ ಎಂದು ದೇವರನ್ನು ಕೇಳುತ್ತಿದ್ದಾರೆ, ಮಣ್ಣಾಗುವ ತನಕ ಅನ್ನ ನೀರು ಮುಟ್ಟುವುದಿಲ್ಲವಂತೆ ಎಂದೆ. ನಮ್ಮಲ್ಲಿ ಮಣ್ಣು ಅಂದರೆ ಹುಟ್ಟಿದ ಜಾಗ, ಕೊನೆಗೆ ಸೇರುವ ಜಾಗ, ದೇಹದ ನಶ್ವರತೆ, ಇನ್ನೂ ಏನೇನೋ. ಮಾತು ಮುಗಿಸುವ ಹೊತ್ತಿಗೆ ಯಜಮಾನಿ ಬಿಕ್ಕುತ್ತಿದ್ದರು. ಫೋನಿನಲ್ಲಿ ಮಗಳ ಅಳು ಕೇಳುತ್ತಿತ್ತು.

"ಅಂತ್ಯಕ್ರಿಯೆಗೆ ಬರ್ತಾರಂತಾ? ಅದನ್ನ ಕೇಳಿದ್ರಾ?" ಎಂದು ಯಜಮಾನಿ ಕಣ್ಣೊರೆಸಿಕೊಂಡು ಕೇಳಿದರು.

"ಅದರ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ," ಎಂದೆ. ಇಂಥ ಸ್ಥಿತಿಯಲ್ಲಿ ಕೇಳುವುದೂ ಕ್ರೂರ ಎಂದು ಸೇರಿಸಿದೆ. ಕೇಳಬೇಕಿತ್ತು. ನೇರವಾಗಿ ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು.

ಸಾಯುತ್ತೇನೆ, ಉಣ್ಣುವುದಿಲ್ಲ ಅನ್ನುವ ವಯಸ್ಸಾದವರ ಮಾತನ್ನು ಈ ದೇಶದಲ್ಲಿ ಯಾರೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಡಾಕ್ಟರಿಗೆ ಫೋನ್ ಹೋಯಿತು. ಸಮಾಧಾನವಾಗಿರಲು ಒಂದು ಮಾತ್ರೆ ಬಂತು, ಪಕ್ಕದಿಂದ ಕದಲಬಾರದು ಎಂದು ನೋಡಿಕೊಳ್ಳುವವಳಿಗೆ ಹೇಳಲಾಯಿತು. ಸ್ಮಶಾನಕ್ಕೆ ಕರೆದೊಯ್ಯುವುದು ಬೇಡ, ಗುಂಡಿ ನೋಡಿದರೆ ತಡೆದುಕೊಳ್ಳಲಾರರು ಎಂದು ಮಗಳೂ ಯಜಮಾನಿಯೂ ತೀರ್ಮಾನಿಸಿದರು. ನಾನು ತಲೆಯಾಡಿಸಿದೆ. ಹೊರಡುವಾಗ ಅಕ್ಕ ನನ್ನ ತೋಳು ಹಿಡಿದುಕೊಂಡು ಮತ್ತೆ ಅದನ್ನೇ ಅಂದರು. ಹಾಗೆಲ್ಲ ಅನ್ನಬಾರದು ಅಕ್ಕ ಎಂದು ಸಂತೈಸಿ, ಅವರ ಬೆರಳು ಬಿಡಿಸಿಕೊಂಡು ಬಂದೆ.

ಮರುದಿನ ಸ್ಮಶಾನದಲ್ಲಿ ಮೂವತ್ತು ಜನ ಇರಬಹುದು. ಅಲಂಕಾರವಿಲ್ಲದ ಮರದ ಪೆಟ್ಟಿಗೆ, ಹೂವಿಲ್ಲ. ಹಿಂದಿನ ಸಂಜೆ ಸಂಸ್ಥೆಯ ನಾಲ್ವರು ಮುದುಕರು ಸೇರಿ ಹೆಣವನ್ನು ತೊಳೆದು ಬಿಳಿ ಬಟ್ಟೆ ಉಡಿಸಿದ್ದರು. ಅದೂ ಈ ಸಂಸ್ಥೆಯ ಕೆಲಸವೇ, ಅದನ್ನು ಮಾಡಿದವರ ಹೆಸರನ್ನು ಯಾರೂ ಹೇಳುವುದಿಲ್ಲ. ಪೆಟ್ಟಿಗೆ ಇಳಿಸಿದ ಮೇಲೆ ಮಣ್ಣು ಮುಚ್ಚುವ ಕೆಲಸವನ್ನು ಆಳುಗಳಿಗೆ ಬಿಡುವುದಿಲ್ಲ, ಬಂದವರೇ ಮುಚ್ಚುತ್ತಾರೆ. ಮೊದಲು ಮಗಳು. ಮೊದಲ ಸಲ ಸಲಿಕೆಯನ್ನು ಬೋರಲು ಹಿಡಿದು ಹಾಕಬೇಕು, ಮನಸ್ಸಿಲ್ಲದೆ ಮಾಡುತ್ತಿರುವ ಕೆಲಸ ಎಂದು ತೋರಿಸಲು. ಸಲಿಕೆಯನ್ನು ಇನ್ನೊಬ್ಬರ ಕೈಗೆ ಕೊಡುವಂತಿಲ್ಲ, ಮಣ್ಣಿನ ಗುಡ್ಡೆಗೆ ಸಿಗಿಸಬೇಕು, ಮುಂದಿನವರು ತಾವೇ ಎತ್ತಿಕೊಳ್ಳಬೇಕು. ಸಾವು ಒಬ್ಬರಿಂದೊಬ್ಬರಿಗೆ ದಾಟಬಾರದಲ್ಲ. ನಾನೂ ಮೂರು ಸಲ ಹಾಕಿದೆ. ಮರಳು ಮರಳಾದ ಹಗುರ ಮಣ್ಣು, ಆದರೂ ಪೆಟ್ಟಿಗೆ ಮೇಲೆ ಬಿದ್ದಾಗ ಸದ್ದು ದೊಡ್ಡದಾಗಿಯೇ ಬರುತ್ತದೆ.

ನಮ್ಮ ಮನೆಯಲ್ಲಿ ಸುಡುತ್ತೇವೆ. ಅಪ್ಪನಿಗೆ ಕೊಳ್ಳಿ ಇಟ್ಟವನು ನಾನು, ಆಗ ಹೊಗೆಗೆ ಕಣ್ಣು ಮುಚ್ಚಿಕೊಂಡಿದ್ದೆ. ಇಲ್ಲಿ ಕಣ್ಣು ಮುಚ್ಚುವಂತಿರಲಿಲ್ಲ. ಸ್ವಂತ ಕೈಯಿಂದ ಗುಂಡಿ ತುಂಬಿಸಿ, ನೆಲ ಸಮವಾಗುವುದನ್ನು ನೋಡಿ, ನಲ್ಲಿಯಲ್ಲಿ ಕೈ ತೊಳೆದು ತಿರುಗಬೇಕು. ಅಲ್ಲಿಗೆ ಮುಗಿಯಿತು ಎಂದು ಮನಸ್ಸಿಗೆ ಗೊತ್ತಾಗುತ್ತದೆ. ತಮ್ಮನ ಮಗಳು ನನ್ನ ಹತ್ತಿರ ಬಂದು, "ಥ್ಯಾಂಕ್ಸ್ ಅಂಕಲ್. ನೀವು ಇಲ್ದಿದ್ರೆ ಅಕ್ಕನ ಮನಸ್ಸಲ್ಲೇನಿದೆ ಅಂತ ನಮಗೆ ತಿಳೀತಾನೇ ಇರಲಿಲ್ಲ," ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಅಕ್ಕ ಅನ್ನುವುದೊಂದೇ ಅವಳ ಬಾಯಲ್ಲಿ ಕನ್ನಡ.

ಮನೆಗೆ ಬಂದು ಸ್ನಾನ ಮಾಡಿ ಊಟಕ್ಕೆ ಕೂತಾಗ ಮಧ್ಯಾಹ್ನ ಎರಡಾಗಿತ್ತು. ಹೆಂಡತಿ ಮಳವಳ್ಳಿ ಕಡೆಯ ಹಳ್ಳಿಯವಳು, ಇಲ್ಲಿ ಮಕ್ಕಳ ಡೇಕೇರಿನಲ್ಲಿ ಕೆಲಸ, ಅವತ್ತು ರಜ. ಅವಳಿಗೆ ಎಲ್ಲ ಹೇಳಿದೆ. ಅಕ್ಕನ ಮಾತನ್ನು ಅವರದೇ ಧಾಟಿಯಲ್ಲಿ ಹೇಳಿ, "ಎಂಥ ಮಾತು ನೋಡು, ನಾನೂ ಮಣ್ಣಿಗೆ ಹೋಗ್ಬೇಕು ಅಂದ್ರು," ಎಂದೆ.

ಅವಳು ಸಾರು ಬಡಿಸುತ್ತಿದ್ದವಳು ಸೌಟು ಹಿಡಿದುಕೊಂಡೇ ನಿಂತಳು. "ಕರ್ಕೊಂಡೋದ್ರಾ ಮತ್ತೆ?"

"ಎಲ್ಲಿಗೆ?"

"ಎಲ್ಲಿಗೇನ್ರೀ, ಮಣ್ಣಿಗೆ! ತಮ್ಮನ್ ಮಣ್ಣಿಗೆ ಹೋಗ್ಬೇಕು ಅಂದಿದ್ದಾರೆ ಆ ಯಮ್ಮ!" ನನ್ನ ಮುಖ ನೋಡಿ ಅವಳಿಗೆ ಗೊತ್ತಾಯಿತು. "ಅಯ್ಯೋ ಶಿವನೇ. ನಮ್ ಕಡೆ ಎಲ್ರೂ ಹಂಗೇ ಅಲ್ವೇನ್ರೀ ಅನ್ನೋದು? ಮಣ್ಣಿಗೆ ಹೋಗಿದ್ವಿ, ಮಣ್ ಮುಗಿಸ್ಕೊಂಡ್ ಬಂದ್ವಿ ಅಂತ. ಮಣ್ಣಾಗೋವರ್ಗೂ ಮನೇರು ಬಾಯಿಗೆ ನೀರೂ ಹಾಕಲ್ಲ. ನಿಮಗೆ ಗೊತ್ತಿಲ್ವಾ?"

ಗೊತ್ತಿತ್ತು. ಅದೇ ನನ್ನನ್ನು ಈಗಲೂ ಸುಡುವುದು. ಮೈಸೂರಿನ ಮನೆಗೆ ಹಾಲು ಹಾಕುತ್ತಿದ್ದವನು, ತೋಟದ ಕೆಲಸಕ್ಕೆ ಬರುತ್ತಿದ್ದವನು, "ನೆನ್ನೆ ಮಣ್ಣಿಗೆ ಹೋಗಿದ್ದೆ, ಅದಕ್ಕೇ ಬರ್ನಿಲ್ಲ" ಎಂದು ಅದೆಷ್ಟು ಸಲ ಅಂದಿರಲಿಕ್ಕಿಲ್ಲ! ಕಿವಿಗೆ ಬಿದ್ದಿತ್ತು. ಅವರ ಬಾಯಲ್ಲಿ ಬಂದದ್ದನ್ನು ನಾನು ಕನ್ನಡ ಎಂದು ಎಣಿಸಿಯೇ ಇರಲಿಲ್ಲ. ಆ ಮಾತು ನನ್ನ ಅಪ್ಪನ ನಿಘಂಟುಗಳಲ್ಲಿ ಇದ್ದಿರಬಹುದು, ನಾನು ಹುಡುಕಿದ್ದರೆ ತಾನೇ. ತೊಂಬತ್ತರ ಹತ್ತಿರದ ಒಬ್ಬ ಹೆಂಗಸು ಜೀವಮಾನದಲ್ಲಿ ಕೊನೆಯದಾಗಿ ಕೇಳಿದ ಒಂದು ಮುಖ್ಯವಾದ ಮಾತನ್ನು, ಅತಿ ಸಾಮಾನ್ಯವಾದ ಮಾತನ್ನು, ನಾನು ತತ್ವಜ್ಞಾನ ಮಾಡಿ ಹಾಳು ಮಾಡಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ತಟ್ಟೆ ಬಿಟ್ಟು ಎದ್ದೆ.

ಹ್ಯಾರಿಸ್‌ಡೇಲ್‌ನಿಂದ ಅಲ್ಲಿಗೆ ಮುಕ್ಕಾಲು ಗಂಟೆ. ಹೆಂಡತಿ ಕೇಳದೆಯೇ ಪಕ್ಕದಲ್ಲಿ ಬಂದು ಕೂತಳು. ದಾರಿಯುದ್ದಕ್ಕೂ ಒಂದೇ ಒಂದು ಮಾತು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಅಕ್ಕ ಬಾಗಿಲ ಬಳಿ ಕುರ್ಚಿಯಲ್ಲಿ ಕೂತಿದ್ದರು. ಬೂಟು ಹಾಕಿಕೊಂಡಿದ್ದರು, ತಲೆಗೆ ಬಟ್ಟೆ ಕಟ್ಟಿಕೊಂಡಿದ್ದರು. ಬೆಳಿಗ್ಗೆ ಏಳಕ್ಕೇ ತಾವೇ ಎದ್ದು ತಯಾರಾದರಂತೆ. ಒಂದು ಕೈಯಲ್ಲಿ ಶಕ್ತಿಯಿಲ್ಲ, ಆದರೂ ಬೂಟಿನ ಪಟ್ಟಿ ತಾವೇ ಹಾಕಿಕೊಂಡರಂತೆ. ಮಾತ್ರೆಯ ಮಂಪರಿಗೆ ತೂಕಡಿಸುವುದು, ಎಚ್ಚರವಾದಾಗ ಬಾಗಿಲು ನೋಡುವುದು, ಹೀಗೇ ನಡೆದಿತ್ತು. ಏನೂ ತಿಂದಿರಲಿಲ್ಲ. ಅಂತ್ಯಕ್ರಿಯೆ ಮುಗಿಸಿ ಬಂದವರು ಪದ್ಧತಿಯಂತೆ ಬೇಯಿಸಿದ ಮೊಟ್ಟೆ, ಬೇಳೆ ತಂದಿಟ್ಟಿದ್ದರು, ಅದನ್ನೂ ಮುಟ್ಟಿರಲಿಲ್ಲ. ಮಗಳು, ಯಜಮಾನಿ, ಮೂರ್ನಾಲ್ಕು ಜನ ಸುತ್ತ ತಗ್ಗು ಕುರ್ಚಿಗಳಲ್ಲಿ ಕೂತಿದ್ದರು. ಸಾವಿನ ಮನೆಗೆ ಏಳು ದಿನ ಹೀಗೆ ಬಂದು ಕೂರುವುದು ಅವರ ಕ್ರಮ. ಮನೆಯವರು ಮಾತಾಡಿಸುವ ತನಕ ಬಂದವರು ಮಾತಾಡಬಾರದು. ನಾನು ಆ ಕ್ರಮ ಮುರಿದೆ. ನಿಂತಲ್ಲೇ ಎಲ್ಲರ ಮುಂದೆ, ಅವರು ಕೇಳಿದ್ದು ಸಾವನ್ನಲ್ಲ, ತಮ್ಮನ ಅಂತ್ಯಕ್ರಿಯೆಗೆ ಕರೆದುಕೊಂಡು ಹೋಗು ಅಂದಿದ್ದರು, ನಾನು ತಪ್ಪು ಹೇಳಿದೆ ಎಂದೆ.

ಮಗಳು ನನ್ನ ಕಡೆ ತಿರುಗಿದಳು.

"ನೀವು ಹತ್ತು ನಿಮಿಷ ವಿವರಿಸಿದ್ರಿ," ಎಂದಳು. "ಹತ್ತು ನಿಮಿಷ." ಎದ್ದು ಒಳಗೆ ಹೋದಳು. ಆಮೇಲೆ ನನ್ನ ಹತ್ತಿರ ಮಾತಾಡಲಿಲ್ಲ, ಬ್ರಿಸ್ಬೇನಿಗೆ ಹೊರಡುವ ದಿನವೂ ಇಲ್ಲ. ಅದು ನ್ಯಾಯವೇ.

ನನ್ನ ಹೆಂಡತಿ ಹೋಗಿ ಅಕ್ಕನ ಕಾಲ ಬಳಿ ನೆಲದ ಮೇಲೆ ಕೂತಳು. "ಮಣ್ಣಾಯ್ತು ಕಣಕ್ಕ," ಎಂದಳು ಮೆಲ್ಲಗೆ. ಅಕ್ಕ ಅವಳ ಮುಖ ನೋಡಿದರು. ಅಳು ಬಂತು, ಸದ್ದಿಲ್ಲದ ಅಳು. ನನ್ನ ಹೆಂಡತಿ ಬ್ಯಾಡ ಎನ್ನಲಿಲ್ಲ, ಅಳಲು ಬಿಟ್ಟಳು, ಆಮೇಲೆ ಮೊಟ್ಟೆ ಬಿಡಿಸಿ ಚೂರು ಚೂರಾಗಿ ತಿನ್ನಿಸಿದಳು. ಅವತ್ತು ತಿಂದರು.

ಬೆಳಗಾಗುವಷ್ಟರಲ್ಲಿ ಅವರಿಗೆ ಎಲ್ಲ ಮರೆತುಹೋಗಿತ್ತು. ಎಲ್ಲವೂ ಅಲ್ಲ, ಅದೇ ಸಂಕಟ. ತಮ್ಮ ಸತ್ತದ್ದು ನೆನಪಿದೆ. ಮಣ್ಣಾದದ್ದು ನೆನಪಿಲ್ಲ, ಇರಲು ಅವರು ಅದನ್ನು ನೋಡಿಯೇ ಇಲ್ಲವಲ್ಲ. ಮತ್ತೆ ಬೂಟು, ಮತ್ತೆ ಬಾಗಿಲ ಬಳಿ ಕುರ್ಚಿ, ಮತ್ತೆ ಉಪವಾಸ. ಏಳು ದಿನ ಸ್ಮಶಾನಕ್ಕೆ ಹೋಗುವ ಪದ್ಧತಿ ಇಲ್ಲ ಎಂದು ಕಾದು ಎಂಟನೆಯ ದಿನ ಗಾಲಿಕುರ್ಚಿಯಲ್ಲಿ ಕರೆದುಕೊಂಡು ಹೋದೆವು. ನೆಲ ತಟ್ಟಿ ಸಮ ಮಾಡಿದ್ದರು, ಮಳೆ ಬಂದು ಮಣ್ಣು ಕೂತಿತ್ತು. ಅಕ್ಕ ನೋಡಿದರು. "ಇದ್ಯಾರ್ದು? ಹಳೇದು ಇದು. ಅವುಂದು ಇವತ್ತಲ್ವಾ?" ಎಂದರು. ನಾನು ಒಂದು ಹಿಡಿ ಮಣ್ಣು ತೆಗೆದು ಅವರ ಅಂಗೈಯಲ್ಲಿಟ್ಟೆ. ಅದನ್ನು ಏನು ಮಾಡಬೇಕೆಂದು ತಿಳಿಯದೆ ಹಿಡಿದುಕೊಂಡಿದ್ದು, ಆಮೇಲೆ ನನ್ನ ಕೈಗೇ ವಾಪಸು ಕೊಟ್ಟರು.

ಯಜಮಾನಿ ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ನಾನೇ ಬಿಡುತ್ತೇನೆ ಎಂದಾಗ ಅವರಿಗೆ ಸಿಟ್ಟು ಬಂತು. "ಬಿಟ್ಟು ಹೋದ್ರೆ ನಿಮಗೆ ಹಗುರ ಆಗುತ್ತೆ. ಅವರ ಹತ್ರ ಯಾರು ಮಾತಾಡ್ತಾರೆ?" ಎಂದರು. ಅಕ್ಕನ ಫ್ರಿಜ್ಜಿನ ಮೇಲೆ ಒಂದು ಚೀಟಿ ಅಂಟಿಸಿದ್ದಾರೆ, ಇಂಗ್ಲಿಷ್ ಅಕ್ಷರದಲ್ಲಿ 'ಮಣ್ಣಾಯ್ತು ಅಕ್ಕ, ಊಟ ಮಾಡಿ' ಎಂದು. ನೋಡಿಕೊಳ್ಳುವವಳು ಪ್ರತಿ ಊಟಕ್ಕೂ ಅದನ್ನು ಓದಿ ಹೇಳುತ್ತಾಳೆ. ಒಂದೊಂದು ದಿನ ಅಕ್ಕ ಒಪ್ಪಿಕೊಂಡು ನಾಲ್ಕು ತುತ್ತು ತಿನ್ನುತ್ತಾರೆ. ಒಂದೊಂದು ದಿನ ಆಕೆಯ ಉಚ್ಚಾರ ತಿಳಿಯುವುದಿಲ್ಲ, ಉಪವಾಸವೇ. ಮೈ ಅರ್ಧಕ್ಕೆ ಇಳಿದಿದೆ, ಬೂಟು ಈಗ ಕಾಲಿಗೆ ಸಡಿಲ. ಬಹಳ ದಿನ ಉಳಿಯಲಾರರು ಎಂದು ಡಾಕ್ಟರ್ ಹೇಳಿದ್ದಾರೆ.

ಶುಕ್ರವಾರ ನಾನು ಹೋಗುತ್ತೇನೆ. ಅವರ ಮನೆಯನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ, ಅವಸರವಾಗಬಾರದು ಎಂದು. ಮುಚ್ಚಳ ತೆಗೆದು, ಚಮಚದಲ್ಲಿ ಸೂಪು ತೆಗೆದು, ಆರಿಸಿ ಹಿಡಿದರೆ ತುಟಿ ಬಿಗಿ ಹಿಡಿದು ತಲೆ ಅಲ್ಲಾಡಿಸುತ್ತಾರೆ.

"ಮಣ್ಣಾಗ್ಲಿ, ಆಮೇಲೆ."

"ಮಣ್ಣಾಯ್ತು ಅಕ್ಕ. ತುಂಬ ಜನ ಬಂದಿದ್ರು. ಚೆನ್ನಾಗಾಯ್ತು."

"ಆಯ್ತಾ?" ಪ್ರತಿ ಸಲವೂ ಆ ಮುಖ ಹೊಸದಾಗಿಯೇ ಬೀಳುತ್ತದೆ. "ನನ್ಯಾಕಪ್ಪ ಕರ್ಕೊಂಡೋಗ್ನಿಲ್ಲ? ನಾನು ಯೋಳ್ನಿಲ್ವಾ?"

"ಹೇಳಿದ್ರಿ ಅಕ್ಕ. ನನಗೆ ಅರ್ಥ ಆಗ್ಲಿಲ್ಲ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡುತ್ತಾರೆ. ಕೋಪವಿರುವುದಿಲ್ಲ, ಒಂದು ಥರ ಕನಿಕರ.

"ಕನ್ನಡ ಬರಾಕಿಲ್ವಾ ನಿಂಗೆ?"

ಬರಲ್ಲ ಅಕ್ಕ, ಅನ್ನುತ್ತೇನೆ. ಆಗ ಬಾಯಿ ತೆರೆಯುತ್ತಾರೆ.